93ರ ಟ್ಯೂನ್ ಹಾಕಿಸಿ 87 ತುಂಬಿಸಬೇಡಿ

ಪವರ್ ಜಾಸ್ತಿ ಬರಲಿ ಅಂತ ಕಾರಿನ ಕಂಪ್ಯೂಟರಿನ ಪ್ರೋಗ್ರಾಂ ಬದಲಿಸುವುದಕ್ಕೆ ಟ್ಯೂನ್ ಅನ್ನುತ್ತಾರೆ. 93, 87 ಅಂದರೆ ಪೆಟ್ರೋಲಿನ ಆಕ್ಟೇನ್ ಅಂಕಿ; 93 ದುಬಾರಿ, 87 ಅಗ್ಗ. ಟ್ಯೂನ್ ಮಾಡಿಸಲು ಜನ ನೂರಾರು ಡಾಲರ್ ಕೊಡುತ್ತಾರೆ. ಇಂಟರ್‌ಕೂಲರ್, ಇನ್‌ಟೇಕ್ ಅಂತ ಅದರ ಮೇಲೆ ಬಿಡಿಭಾಗಗಳಿಗೆ ಇನ್ನಷ್ಟು ಸುರಿಯುತ್ತಾರೆ. ಆಮೇಲೆ ಬಂಕಿಗೆ ಹೋಗಿ ಎಲ್ಲಕ್ಕಿಂತ ಅಗ್ಗದ ಪೆಟ್ರೋಲ್ ತುಂಬಿಸಿ, ಹತ್ತು ಹದಿನೈದು ಡಾಲರ್ ಉಳಿಯಿತು ಅಂತ ಖುಷಿಯಾಗಿ ಮನೆಗೆ ಹೋಗುತ್ತಾರೆ. ನಮ್ಮ ವರ್ಕ್‌ಶಾಪಿನಲ್ಲಿ ನನ್ನ ತಾಳ್ಮೆ ಕೆಡಿಸುವ ವಿಷಯ ಇದೊಂದೇ.

ಅಮೆರಿಕದ ಡೆಟ್ರಾಯ್ಟ್ ಸುತ್ತಮುತ್ತ, ಅಂದರೆ ಟ್ರಾಯ್, ನೋವೈ, ಕ್ಯಾಂಟನ್ ಕಡೆ, ನಮ್ಮವರು ಜಾಸ್ತಿ. ಕಾರು ಕಂಪನಿಗಳಲ್ಲೇ ಕೆಲಸ ಮಾಡುವವರೂ ತುಂಬ ಜನ ಇದ್ದಾರೆ. ಮನೆಯವರೆಲ್ಲ ಕೂರುವಂತಿರಬೇಕು, ಓಡಿಸುವಾಗ ಮಜಾ ಕೂಡ ಇರಬೇಕು ಅಂತ ಜೋರಾಗಿ ಓಡುವ ಸೆಡಾನ್ ಕೊಳ್ಳುತ್ತಾರೆ. ಅದು ಒಳ್ಳೆಯ ಆಸೆಯೇ. ಜಾಸ್ತಿ ಬರುವುದು ಫೋರ್ಡ್ ಫ್ಯೂಷನ್ ಸ್ಪೋರ್ಟ್, 2017ರಿಂದ 2019ರವರೆಗಿನದು. 2.7 ಲೀಟರ್ ವಿ6, ಎಂಜಿನ್ನಿಗೆ ಗಾಳಿ ಒತ್ತಿ ತುಂಬುವ ಎರಡು ಟರ್ಬೊ, ನಾಲ್ಕೂ ಚಕ್ರಕ್ಕೆ ಡ್ರೈವ್, 325 ಹಾರ್ಸ್‌ಪವರ್. ನೋಡಲು ಆಫೀಸಿಗೆ ಹೋಗುವ ಸಾಮಾನ್ಯ ಕಾರು. ಹೀಗಾಗಿಯೇ ನನಗೂ ಅದು ಇಷ್ಟ. ಆದರೆ ಆ 325 ಅನ್ನುವ ಅಂಕಿಯ ಜೊತೆಗೇ ಕಂಪನಿ ಒಂದು ಷರತ್ತು ಹೇಳಿತ್ತು: ಇದು 93 ಆಕ್ಟೇನ್ ಪೆಟ್ರೋಲಿನಲ್ಲಿ ಬಂದದ್ದು ಅಂತ. ಅದನ್ನು ಓದಿದವರು ಕಡಿಮೆ.

ಬೆಂಗಳೂರಿನಿಂದ ಹೊಸದಾಗಿ ಬಂದವರಿಗೆ ಇನ್ನೊಂದು ಗೊಂದಲ. "ಸರ್, ಊರಲ್ಲಿ 91 ಹಾಕ್ತಿದ್ವಿ, ಇಲ್ಲಿ 87 ಅಂದ್ರೆ ಕಳಪೆ ಅಲ್ವಾ?" ಅಂತ ಕೇಳುತ್ತಾರೆ. ಅಲ್ಲ. ಭಾರತದಲ್ಲಿ ಹೇಳುವುದು ರಾನ್ ಲೆಕ್ಕ, ಅಂದರೆ ಒಂದೇ ಬಗೆಯ ಪರೀಕ್ಷೆಯ ಅಂಕಿ. ಅಮೆರಿಕದ ಪಂಪಿನ ಮೇಲಿನ ಹಳದಿ ಚೀಟಿಯಲ್ಲಿರುವುದು ಎರಡು ಬಗೆಯ ಪರೀಕ್ಷೆಗಳ ಸರಾಸರಿ. ಅಲ್ಲಿನ 91, ಇಲ್ಲಿನ 87ರ ಆಸುಪಾಸಿನದ್ದೇ. ಊರಿನ 91ರ ನೆನಪಿನಲ್ಲಿ ಇಲ್ಲಿಯ 91 ತುಂಬಿಸಿ ಸಾಮಾನ್ಯ ಪೆಟ್ರೋಲ್ ಹಾಕಿದೆ ಅಂದುಕೊಂಡವರು, ಪ್ರೀಮಿಯಂ ಬೆಲೆ ಕೊಟ್ಟಿರುತ್ತಾರೆ.

ಇನ್ನು ಮುಖ್ಯ ವಿಷಯ. ಆಕ್ಟೇನ್ ಜಾಸ್ತಿ ಇದ್ದರೆ ಪೆಟ್ರೋಲಿನಲ್ಲಿ ಶಕ್ತಿ ಜಾಸ್ತಿ ಅಂತಲ್ಲ. ತಾನಾಗಿ ಹೊತ್ತಿಕೊಳ್ಳದೆ ಎಷ್ಟು ಒತ್ತಡ, ಎಷ್ಟು ಬಿಸಿ ತಡೆಯುತ್ತದೆ ಅನ್ನುವುದರ ಅಳತೆ ಅದು. ಸಿಲಿಂಡರಿನಲ್ಲಿ ಪಿಸ್ಟನ್ ಮೇಲೆ ಬರುತ್ತಾ ಗಾಳಿ-ಪೆಟ್ರೋಲ್ ಮಿಶ್ರಣವನ್ನು ಒತ್ತುತ್ತದೆ. ಅದು ತುದಿ ಮುಟ್ಟುವ ಸ್ವಲ್ಪ ಮುಂಚೆ ಸ್ಪಾರ್ಕ್ ಪ್ಲಗ್ ಕಿಡಿ ಕೊಡುತ್ತದೆ. ಬೆಂಕಿ ಪ್ಲಗ್ಗಿನಿಂದ ಅಂಚಿನ ಕಡೆ ಹರಡಬೇಕು. ಆದರೆ ಅದು ಅಂಚು ತಲುಪುವ ಮುಂಚೆಯೇ ಅಲ್ಲಿ ಉಳಿದ ಮಿಶ್ರಣ ಒತ್ತಡಕ್ಕೂ ಬಿಸಿಗೂ ತಡೆಯಲಾರದೆ ತಾನೇ ಹೊತ್ತಿಕೊಂಡರೆ, ಇಡೀ ಎಂಜಿನ್ನಿಗೆ ಒಂದು ಏಟು ಬೀಳುತ್ತದೆ. ಅದೇ ನಾಕಿಂಗ್. ಟರ್ಬೊ ಎಂಜಿನ್ನಿನಲ್ಲಿ ಆ ಏಟು ಇನ್ನೂ ಜೋರು.

ಕಂಪನಿಯ ಪ್ರೋಗ್ರಾಂ 87 ಹಾಕುವವರನ್ನೂ ಮನಸ್ಸಿನಲ್ಲಿಟ್ಟುಕೊಂಡು ಬರೆದದ್ದು. ಕಿಡಿಯನ್ನು ತಡವಾಗಿ ಕೊಟ್ಟು, ಬೂಸ್ಟ್ (ಟರ್ಬೊ ಒತ್ತಿ ತುಂಬುವ ಗಾಳಿಯ ಒತ್ತಡ) ಇಳಿಸಿ, ಹೇಗೋ ಕಾಪಾಡಿಕೊಳ್ಳುತ್ತದೆ. ಟ್ಯೂನ್ ಮಾಡಿದಾಗ ನಾವು ಏನು ಮಾಡುತ್ತೇವೆ? ಕಿಡಿ ಇನ್ನೂ ಬೇಗ ಬೀಳುವಂತೆ ಮಾಡುತ್ತೇವೆ, ಬೂಸ್ಟ್ ಏರಿಸುತ್ತೇವೆ. ಕಂಪನಿ ಬಿಟ್ಟಿದ್ದ ಜಾಗವನ್ನು ನಾವು ಬಳಸಿಕೊಂಡಾಯಿತು. 93 ಹಾಕಿದರೆ ಮಾತ್ರ ಅದು ನಡೆಯುತ್ತದೆ.

ಇಷ್ಟು ಹೇಳಿದ ಮೇಲೂ ಎಲ್ಲರಿಂದಲೂ ಬರುವ ಉತ್ತರ ಒಂದೇ. "ನಾಕ್ ಸೆನ್ಸಾರ್ ಇದೆಯಲ್ಲಾ ಸರ್, ಅದೇ ಅಡ್ಜಸ್ಟ್ ಮಾಡ್ಕೊಳ್ಳುತ್ತೆ." ದಯವಿಟ್ಟು ಕೇಳಿ. ಸೆನ್ಸಾರಿಗೆ ಗೊತ್ತಾಗುವುದು ಏಟು ಬಿದ್ದ ಮೇಲೆ. ಬೀಳುವ ಮುಂಚೆ ಅಲ್ಲ. ಒಂದು ಏಟು ಬಿತ್ತು, ಕಂಪ್ಯೂಟರ್ ಕಿಡಿಯನ್ನು ತಡ ಮಾಡಿತು. ಸ್ವಲ್ಪ ಹೊತ್ತು ನಾಕ್ ಇಲ್ಲ ಅಂತ ನಿಧಾನಕ್ಕೆ ಮತ್ತೆ ಬೇಗ ಕೊಡತೊಡಗಿತು, ಮತ್ತೆ ಏಟು. ನೀವು ಆಕ್ಸಿಲರೇಟರ್ ಜೋರಾಗಿ ಒತ್ತಿದಾಗಲೆಲ್ಲ ಒಳಗೆ ಇದೇ ನಡೆಯುತ್ತಿರುತ್ತದೆ. ಕಿಡಿಯನ್ನು ಎಷ್ಟು ತಡ ಮಾಡಬಹುದು ಅನ್ನುವುದಕ್ಕೂ ಒಂದು ಮಿತಿ ಇದೆ. ಕಿಡಿ ತಡವಾದಷ್ಟೂ ಸೈಲೆನ್ಸರ್ ಕಡೆ ಹೋಗುವ ಹೊಗೆ ಬಿಸಿಯಾಗುತ್ತದೆ, ಆ ಬಿಸಿ ಹಾಯುವುದು ಟರ್ಬೊ ಮೂಲಕ. ಅಂದರೆ ನೀವು ದುಡ್ಡು ಕೊಟ್ಟು ಕೊಂಡ ಪವರ್ ಸಿಗಲಿಲ್ಲ, ಮೇಲೆ ಸವೆತ ಬೇರೆ. ಸೆನ್ಸಾರ್ ಇರುವುದು ಯಾವಾಗಲೋ ಒಮ್ಮೆ ಸಿಕ್ಕ ಕೆಟ್ಟ ಪೆಟ್ರೋಲಿಗೆ. ದಿನನಿತ್ಯದ ಉಳಿತಾಯಕ್ಕಲ್ಲ.

ಹೋದ ಬೇಸಿಗೆಯಲ್ಲಿ ಹಾಸನ ಕಡೆಯ ಒಂದು ಕುಟುಂಬ ಫ್ಯೂಷನ್ ಸ್ಪೋರ್ಟ್ ತಂದಿತು. ಗಂಡ ಟ್ಯೂನ್ ಹಾಕಿಸಿದ್ದರು. ಮನೆಯವರೆಲ್ಲ ಲಗೇಜ್ ತುಂಬಿಕೊಂಡು ಟೆನೆಸಿಯ ಸ್ಮೋಕಿ ಮೌಂಟನ್ಸ್‌ಗೆ ಹೋಗಿ ಬಂದಿದ್ದರು. ದಾರಿಯಲ್ಲಿ ಸಿಕ್ಕ ಬಂಕುಗಳಲ್ಲೆಲ್ಲ 87. ಕಾರು ಚೆನ್ನಾಗಿದೆ, ಸುಮ್ನೆ ಸರ್ವಿಸ್ ಮಾಡಿ ಅಂದರು ಗಂಡ. ಹೆಂಡತಿ ಮಾತ್ರ, "ಅಣ್ಣಾ, ಬೆಟ್ಟ ಹತ್ತುವಾಗ ಟಿಕ್ ಟಿಕ್ ಅಂತಿತ್ತು. ಇವರು ಹಾಡು ಜೋರಾಗಿ ಹಾಕಿದ್ರು, ಕೇಳಿಸಿಲ್ಲ" ಅಂದರು. ಕಾರಿನ ಬಗ್ಗೆ ಆಕೆಗೆ ಗೊತ್ತಿದ್ದಷ್ಟು ಗಂಡನಿಗೆ ಗೊತ್ತಿರಲಿಲ್ಲ. ಭಾರ ತುಂಬಿದ ಕಾರು, ಏರು ರಸ್ತೆ, ಕಡಿಮೆ ಆರ್‌ಪಿಎಂ, ಪೂರ್ತಿ ಬೂಸ್ಟ್. ಟರ್ಬೊ ಎಂಜಿನ್ನಿಗೆ ಇದಕ್ಕಿಂತ ಕೆಟ್ಟ ಹೊತ್ತಿಲ್ಲ. ಪ್ಲಗ್ಗುಗಳನ್ನು ಬಿಚ್ಚಿ ಕೈಯಲ್ಲಿ ಹಿಡಿದು ತೋರಿಸಿದೆ. ಬಿಳಿ ಪಿಂಗಾಣಿಯ ಮೇಲೆ ಕರಿಮೆಣಸಿನ ಪುಡಿ ಉದುರಿಸಿದ ಹಾಗೆ ಕಪ್ಪು ಚುಕ್ಕೆಗಳು. ಎರಡು ಪ್ಲಗ್ಗಿನಲ್ಲಿ ಭೂತಗನ್ನಡಿ ಹಿಡಿದರೆ ಬೆಳ್ಳಗೆ ಹೊಳೆಯುವ ಸಣ್ಣ ಕಣಗಳೂ ಕಂಡವು. ಅದು ಪಿಸ್ಟನ್ನಿನ ಅಲ್ಯೂಮಿನಿಯಂ. ನೋಡಿದ ಮೇಲೆ ಆ ಮನುಷ್ಯ ಒಂದು ಮಾತೂ ಆಡಲಿಲ್ಲ. ಕಂಪ್ರೆಷನ್ ಟೆಸ್ಟಿನಲ್ಲಿ ಆರೂ ಸಿಲಿಂಡರ್ ಸರಿಯಾಗಿಯೇ ಬಂದವು. ಪುಣ್ಯ ಅನ್ನಬೇಕು.

ಹೋಲಿಕೆ ಮಾಡುವವರಿಗೂ ಇದನ್ನೇ ಹೇಳುವೆ. ಫ್ಯೂಷನ್ ಸ್ಪೋರ್ಟನ್ನು ಷೆವ್ರೊಲೆ ಎಸ್‌ಎಸ್ ಜೊತೆ ಇಟ್ಟು ನೋಡುತ್ತಾರೆ. ಎಸ್‌ಎಸ್ ಆಸ್ಟ್ರೇಲಿಯಾದ ಹೋಲ್ಡನ್ ಕಾರ್ಖಾನೆಯಿಂದ ಬಂದದ್ದು, ಅಳತೆಯಲ್ಲಿ ಸ್ವಲ್ಪ ದೊಡ್ಡದು, 6.2 ಲೀಟರ್ ವಿ8, 415 ಹಾರ್ಸ್‌ಪವರ್, ಹಿಂದಿನ ಚಕ್ರಕ್ಕೆ ಡ್ರೈವ್. ಟರ್ಬೊ ಇಲ್ಲ. ಆಗಸ್ಟ್ ಬಿಸಿಲಲ್ಲಿ 87 ಹಾಕಿದ ಫ್ಯೂಷನ್ ಓಡಿಸಿ "ಇದರಲ್ಲಿ ದಮ್ ಇಲ್ಲ" ಅಂದರೆ ಅದು ನ್ಯಾಯ ಅಲ್ಲ. ಒಂದೇ ಪೆಟ್ರೋಲ್, ಒಂದೇ ಹವೆ ಇರಲಿ, ಆಮೇಲೆ ಮಾತಾಡೋಣ. ಇನ್ನೊಂದು, ಫೋರ್ಡಿನ ಕಂಪ್ಯೂಟರ್ ಪೆಟ್ರೋಲಿನ ಗುಣವನ್ನು ಓಡಿಸುತ್ತಾ ಕಲಿಯುತ್ತದೆ. ಇವತ್ತು 93 ತುಂಬಿಸಿ ಸಂಜೆಯೇ ಪವರ್ ಅಳೆಯುವ ಡೈನೊ ಯಂತ್ರದ ಮೇಲೆ ಹತ್ತಿಸಿದರೆ ಹಳೆಯ ಲೆಕ್ಕವೇ ಕಾಣಬಹುದು. ಕ್ಯಾಡಿಲಾಕ್ ಸಿಟಿ5-ವಿ ಬ್ಲ್ಯಾಕ್‌ವಿಂಗ್ ಕೊಂಡವರಿಗೆ ನಾನು ಏನೂ ಹೇಳಬೇಕಿಲ್ಲ. 668 ಹಾರ್ಸ್‌ಪವರಿನ ಕಾರಿಗೆ ಅವರು ಪ್ರೀಮಿಯಂ ಬಿಟ್ಟು ಬೇರೆ ಹಾಕುವುದಿಲ್ಲ.

ಆಕ್ಟೇನ್ ಏರಿಸಲು ಪೆಟ್ರೋಲಿಗೆ ಇ85, ಅಂದರೆ ಎಥನಾಲ್ ಜಾಸ್ತಿ ಇರುವ ಇಂಧನ, ಬೆರೆಸುವವರಿಗೆ ಒಂದು ಮಾತು. ಇ85 ಅಂತ ಬರೆದಿದ್ದರೂ ಅದರಲ್ಲಿ ಯಾವಾಗಲೂ ನೂರಕ್ಕೆ 85 ಭಾಗ ಎಥನಾಲ್ ಇರುವುದಿಲ್ಲ. ಕಾಲಕ್ಕೂ ಊರಿಗೂ ತಕ್ಕಂತೆ 51ರಿಂದ 83ರವರೆಗೆ ಇರಬಹುದು, ಚಳಿಗಾಲದಲ್ಲಿ ಕಡಿಮೆ. ಜನವರಿಯಲ್ಲಿ ಜುಲೈ ಲೆಕ್ಕ ಹಿಡಿದು ಬೆರೆಸಿದರೆ ಮತ್ತೆ ಅದೇ ನಾಕಿಂಗ್. ಪರೀಕ್ಷೆ ಮಾಡುವ ಟ್ಯೂಬ್ ಅಗ್ಗಕ್ಕೆ ಸಿಗುತ್ತದೆ. ಗೆರೆಯವರೆಗೆ ನೀರು, ಮೇಲೆ ಪೆಟ್ರೋಲ್, ಚೆನ್ನಾಗಿ ಅಲುಗಾಡಿಸಿ ಬಿಡಿ. ಎಥನಾಲ್ ನೀರಿನ ಜೊತೆ ಕೆಳಗೆ ಇಳಿಯುತ್ತದೆ, ಗೆರೆ ಎಷ್ಟು ಏರಿತು ಅಂತ ಓದಿಕೊಳ್ಳಿ.

ನನಗೆ ನಿಜಕ್ಕೂ ಬೇಜಾರಾಗುವುದು ಎರಡನೇ ಮಾಲೀಕರನ್ನು ನೋಡಿದಾಗ. ಫ್ಯೂಷನ್ ಸ್ಪೋರ್ಟೂ ಎಸ್‌ಎಸ್ಸೂ ಈಗ ಸಿಗುವುದು ಸೆಕೆಂಡ್ ಹ್ಯಾಂಡ್ ಮಾತ್ರ. ಮೊದಲಿನವರು ಟ್ಯೂನ್ ಹಾಕಿ, ಹೇಳದೆ ಮಾರಿರುತ್ತಾರೆ. ಹೊಸಬರು ಮ್ಯಾನ್ಯುಯಲ್ ಓದಿ, 87 ನಡೆಯುತ್ತದೆ ಅಂತ ನಂಬಿ ತುಂಬಿಸುತ್ತಾರೆ. ಅವರದ್ದೇನು ತಪ್ಪು? ಕೊಳ್ಳುವಾಗ ನೇರವಾಗಿ ಕೇಳಿ: ಇದರಲ್ಲಿ ಯಾವ ಫೈಲ್, ಅಂದರೆ ಯಾವ ಪ್ರೋಗ್ರಾಂ, ಇದೆ? ಟ್ಯೂನ್ ಮಾಡಿದ ಡಿವೈಸ್ ಎಲ್ಲಿ? ಎಷ್ಟೋ ಡಿವೈಸ್‌ಗಳು ಒಂದೇ ಕಾರಿಗೆ ಲಾಕ್ ಆಗಿರುತ್ತವೆ, ಮೂಲ ಫೈಲ್ ಅದರಲ್ಲೇ ಇರುತ್ತದೆ. ಸಿಗದಿದ್ದರೆ ಗೊತ್ತಿದ್ದವರಲ್ಲಿ ಚೆಕ್ ಮಾಡಿಸಿ. ಅಲ್ಲಿಯವರೆಗೆ 93 ಹಾಕಿ.

ತಪ್ಪಿ 87 ಹಾಕಿಬಿಟ್ಟರೆ ಗಾಬರಿ ಬೇಡ. ಆಕ್ಸಿಲರೇಟರ್ ಮೆಲ್ಲಗೆ ಒತ್ತಿ, ಬೂಸ್ಟ್ ಏರದ ಹಾಗೆ ಓಡಿಸಿ, ಅರ್ಧ ಖಾಲಿಯಾದ ಮೇಲೆ 93 ತುಂಬಿಸಿ. ಶಬ್ದ ಬರುತ್ತಲೇ ಇದ್ದರೆ ನಿಲ್ಲಿಸಿ ಯಾರಿಗಾದರೂ ತೋರಿಸಿ. ನಿಮ್ಮ ಕಾರಿನ ಕಂಪ್ಯೂಟರಿನ ದಾಖಲೆ (ಲಾಗ್) ನೋಡದೆ ಇದಕ್ಕಿಂತ ಜಾಸ್ತಿ ನಾನು ಹೇಳಲಾರೆ.

ಕೆಲಸ ಬದಲಾಗಿ ಮಿಷಿಗನ್ನಿನಿಂದ ಕ್ಯಾಲಿಫೋರ್ನಿಯಾಗೆ ಹೋಗುವವರು ಪ್ರತಿ ವರ್ಷ ಇರುತ್ತಾರೆ. ಅಲ್ಲಿನ ಬಂಕುಗಳಲ್ಲಿ ಸಾಮಾನ್ಯವಾಗಿ ಪ್ರೀಮಿಯಂ ಅಂದರೆ 91, ಹಾಗಾಗಿ 93ರ ಫೈಲ್ ಅಲ್ಲಿ ನಡೆಯುವುದಿಲ್ಲ. ಅದೂ ಅಲ್ಲದೆ 2021ರ ಜುಲೈನಿಂದ ಅಲ್ಲಿಯ ಹೊಗೆ ತಪಾಸಣೆಯಾದ ಸ್ಮಾಗ್ ಚೆಕ್‌ನಲ್ಲಿ ಕಾರಿನ ಸಾಫ್ಟ್‌ವೇರ್ ಬದಲಾಗಿದೆಯೇ ಅಂತಲೂ ನೋಡುತ್ತಾರೆ. ಹೊರಡುವ ಕೆಲವು ವಾರ ಮುಂಚೆಯೇ ಕಂಪನಿಯ ಫೈಲ್ ವಾಪಸ್ ಹಾಕಿಸಿ. ಫೈಲ್ ಬದಲಿಸಿದಾಗ, ಹೊಗೆ ನಿಯಂತ್ರಣ ಸರಿ ಇದೆಯೇ ಅಂತ ಕಾರು ತಾನೇ ನೋಡಿಕೊಳ್ಳುವ ಎಮಿಷನ್ ಮಾನಿಟರ್‌ಗಳು ಸೊನ್ನೆಗೆ ಬರುತ್ತವೆ. ದಿನಾ ಆಫೀಸಿಗೆ ಓಡಿಸಿ ಅವೆಲ್ಲ ರೆಡಿ ಆದವು ಅಂತ ಸ್ಕ್ಯಾನರಿನಲ್ಲಿ ನೋಡಿಕೊಂಡು ಆಮೇಲೆ ಹೊರಡಿ.