ಗಟ್ಟಿ ಹವಳದ ತೊಟ್ಟಿಗೆ ಯಾವ ಸಲಕರಣೆ, ಎಷ್ಟು?

ಗಟ್ಟಿ ಹವಳ ನೋಡಲು ಕಲ್ಲು, ಆದರೆ ಅದೊಂದು ಪ್ರಾಣಿ. ನೀರಿನಲ್ಲಿ ಕರಗಿರುವ ಕ್ಯಾಲ್ಸಿಯಂ ಮತ್ತು ಬೈಕಾರ್ಬೊನೇಟನ್ನು ಹೀರಿಕೊಂಡು ಸುಣ್ಣದ ಅಸ್ಥಿಪಂಜರ ಕಟ್ಟುತ್ತಲೇ ಇರುತ್ತದೆ. ಆ ಕೆಲಸಕ್ಕೆ ಬೇಕಾದ ಶಕ್ತಿಯ ಬಹುಪಾಲನ್ನು ಅದರ ಮೈಯೊಳಗೆ ಬೀಡುಬಿಟ್ಟಿರುವ ಏಕಕೋಶ ಪಾಚಿಗಳು ಬೆಳಕಿನಿಂದ ತಯಾರಿಸಿ ಕೊಡುತ್ತವೆ. ಕುಳಿತಲ್ಲಿಂದ ಕದಲಲಾಗದ ಪ್ರಾಣಿಯಾದ್ದರಿಂದ ಆಮ್ಲಜನಕವನ್ನೂ ಆಹಾರವನ್ನೂ ನೀರೇ ಹೊತ್ತು ತರಬೇಕು. ಹಾಗಾಗಿ ಬೆಳಕು, ನೀರಿನ ಓಟ, ರಸಾಯನ ಈ ಮೂರಕ್ಕೂ ಯಂತ್ರ ಬೇಕೇ ಬೇಕು. ಪ್ರತಿ ಯಂತ್ರ ಕೊಳ್ಳುವ ಮೊದಲು ಒಂದು ಪ್ರಶ್ನೆ ಕೇಳಿಕೊಳ್ಳಬೇಕು: ಇದು ಮಧ್ಯರಾತ್ರಿ ಕೆಟ್ಟರೆ ಬೆಳಗಾಗುವಷ್ಟರಲ್ಲಿ ತೊಟ್ಟಿಯ ಗತಿ ಏನು?

ಕಾನೂನಿನ ಮಾತನ್ನು ಮೊದಲೇ ಹೇಳಿಬಿಡಬೇಕು. ಭಾರತದಲ್ಲಿ ಗಟ್ಟಿ ಹವಳಗಳೆಲ್ಲವೂ 2001ರಿಂದ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಷೆಡ್ಯೂಲಿನಲ್ಲಿವೆ. ಮುರ್ಡೇಶ್ವರದಾಚೆಯ ನೇತ್ರಾಣಿಯಿಂದಾಗಲಿ ಬೇರೆಡೆಯಿಂದಾಗಲಿ ಒಂದು ಚೂರು ಮುರಿದು ತಂದರೂ ಅಪರಾಧ. ಅಮೆರಿಕ, ಯುರೋಪಿನಂಥ ಕಡೆ ತೊಟ್ಟಿಯಲ್ಲೇ ಬೆಳೆಸಿ ಕತ್ತರಿಸಿದ ತುಂಡುಗಳು ಕಾನೂನುಬದ್ಧವಾಗಿ ಸಿಗುತ್ತವೆ. ಅಲ್ಲಿರುವ ಕನ್ನಡಿಗರು ಇದಕ್ಕೆ ಕೈ ಹಾಕಬಹುದು. ತುಂಡು ತೊಟ್ಟಿಯಲ್ಲೇ ಬೆಳೆದದ್ದೆಂದು ಖಾತ್ರಿಪಡಿಸಿಕೊಂಡೇ ಕೊಳ್ಳಿ.

ಲೆಕ್ಕಕ್ಕೆ 120×60×50 ಸೆಂಟಿಮೀಟರಿನ ಗಾಜಿನ ತೊಟ್ಟಿ ಇಟ್ಟುಕೊಳ್ಳೋಣ. ಅಂಚಿನವರೆಗೆ 360 ಲೀಟರ್. ಕಲ್ಲು, ಮರಳಿನ ಜಾಗ ಕಳೆದು, ಸ್ಟ್ಯಾಂಡಿನೊಳಗಿನ ಸಂಪ್ (ಸಲಕರಣೆ ಕೂರಿಸುವ ಎರಡನೆಯ ತೊಟ್ಟಿ) ಕೂಡಿಸಿದರೆ ಓಡಾಡುವ ನೀರು ಸುಮಾರು 350 ಲೀಟರ್. 12 ಮಿಲಿಮೀಟರ್ ಗಾಜೇ 75 ಕಿಲೋ ತೂಗುತ್ತದೆ. ಎಲ್ಲ ಸೇರಿ 600 ಕಿಲೋಗೆ ಹತ್ತಿರವಾಗುತ್ತದೆ. ಮರದ ನೆಲದ ಮನೆಯಾದರೆ ಭಾರ ಹೊರುವ ಗೋಡೆಯ ಪಕ್ಕದಲ್ಲಿ, ನೆಲದಡಿಯ ತೊಲೆಗಳಿಗೆ ಅಡ್ಡಲಾಗಿ ಇಡಬೇಕು.

ಕೊಳಾಯಿ ಕೆಲಸಕ್ಕೆ ಹೆಚ್ಚು ತಲೆ ಕೆಡಿಸಿಕೊಳ್ಳಿ, ಏಕೆಂದರೆ ನೀರು ತುಂಬಿದ ಮೇಲೆ ಅದನ್ನು ಬದಲಿಸುವುದು ಕಷ್ಟ. ಮೇಲಿನಿಂದ ಸಂಪಿಗೆ ಇಳಿಯಲು ಮೂರು ಪೈಪ್ ಇರಲಿ. ಮೊದಲನೆಯದು ಗಾಳಿಯಿಲ್ಲದೆ ತುಂಬಿ ಹರಿಯುವಂಥದ್ದು, ಅದಕ್ಕೊಂದು ಗೇಟ್ ವಾಲ್ವ್. ಎರಡನೆಯದರಲ್ಲಿ ತೆಳ್ಳಗೆ ಹರಿದರೆ ಸಾಕು. ಸ್ವಲ್ಪ ಎತ್ತರದಲ್ಲಿರುವ ಮೂರನೆಯದು ಒಣಗಿಯೇ ಇರಬೇಕು. ಬಸವನಹುಳು ಬಂದು ಮೊದಲ ಪೈಪಿನಲ್ಲಿ ಸಿಕ್ಕಿಕೊಂಡ ದಿನ ಮನೆಯ ನೆಲ ಉಳಿಸುವುದು ಅದೇ. ಬರೀ ನೀರು ತುಂಬಿ ಪರೀಕ್ಷಿಸುವಾಗ ಮೊದಲ ಪೈಪಿನ ವಾಲ್ವ್ ಪೂರ್ತಿ ಮುಚ್ಚಿ ನೋಡಿ. ಉಳಿದೆರಡು ಪಂಪಿನ ನೀರನ್ನೆಲ್ಲ ಇಳಿಸದಿದ್ದರೆ ಆ ವಿನ್ಯಾಸ ಬೇಡ.

ಕರೆಂಟು ಹೋದಾಗ ಇನ್ನೊಂದು ಅಪಾಯ. ಸಂಪಿನಿಂದ ನೀರೆತ್ತುವ ಪೈಪು ಹಿಮ್ಮುಖವಾಗಿ ಹೀರತೊಡಗುತ್ತದೆ, ಅದರ ಬಾಯಿಗೆ ಗಾಳಿ ಸೋಕುವವರೆಗೂ ಬಿಡುವುದಿಲ್ಲ. ಬಾಯಿ ನೀರಿನ ಮಟ್ಟಕ್ಕಿಂತ 5 ಸೆಂಟಿಮೀಟರ್ ಕೆಳಗಿದ್ದರೆ 36 ಲೀಟರ್ ಕೆಳಗಿಳಿಯುತ್ತದೆ. 1 ಸೆಂಟಿಮೀಟರ್ ಕೆಳಗಿದ್ದರೆ ಬರೀ 7 ಲೀಟರ್. ನೀರು ಹಿಂದಕ್ಕೆ ಹರಿಯದಂತೆ ತಡೆಯುವ ಚೆಕ್ ವಾಲ್ವನ್ನು ನಂಬಬೇಡಿ, ಮರಳಿನ ಕಣವೋ ಸುಣ್ಣದ ಪದರವೋ ಕೂತರೆ ಅದು ಮುಚ್ಚುವುದಿಲ್ಲ. ಇಳಿಯುವಷ್ಟು ನೀರಿಗೆ ಸಂಪಿನಲ್ಲಿ ಖಾಲಿ ಜಾಗ ಇರಲೇಬೇಕು. ಸಂಪಿನಿಂದ ನೀರೆತ್ತುವ ಪಂಪಿನ ಕೆಲಸ ಗಂಟೆಗೆ 1,500ರಿಂದ 2,000 ಲೀಟರ್ ಎತ್ತುವುದಷ್ಟೆ. ಡಬ್ಬದ ಮೇಲಿನ ಸಂಖ್ಯೆ ಎತ್ತರವಿಲ್ಲದೆ ಅಳೆದದ್ದು, ಒಂದೂವರೆ ಮೀಟರ್ ಮೇಲೇರುವಷ್ಟರಲ್ಲಿ ಅರ್ಧಕ್ಕಿಳಿದರೂ ಆಶ್ಚರ್ಯವಿಲ್ಲ.

ಹವಳಕ್ಕೆ ಬೇಕಾದ ಓಟ ಕೊಡುವುದು ತೊಟ್ಟಿಯೊಳಗಿನ ವೇವ್‌ಮೇಕರ್ ಎಂಬ ಅಲೆಯೆಬ್ಬಿಸುವ ಪಂಪು. ಎದುರುಬದುರು ಎರಡು, ಒಂದೊಂದೂ ಗಂಟೆಗೆ 8,000 ಲೀಟರ್ ತಳ್ಳುವಂಥವು, ಸರದಿಯಲ್ಲಿ ಏರಿಳಿಯುವಂತಿರಲಿ. ಒಂದೇ ದಿಕ್ಕಿನ ರಭಸ ಹವಳದ ಮಾಂಸವನ್ನು ಕಿತ್ತುಬಿಡುತ್ತದೆ. ಎರಡರಲ್ಲಿ ಒಂದನ್ನು ಬ್ಯಾಟರಿಗೆ ಜೋಡಿಸಿ, ಕರೆಂಟಿಲ್ಲದ ಹೊತ್ತಿನಲ್ಲಿ ಮೀನು ಸಾಯುವುದು ಆಮ್ಲಜನಕದ ಕೊರತೆಯಿಂದ.

ನೀರು ಆರ್‌ಒ (ಪೊರೆಯ ಮೂಲಕ ಸೋಸುವುದು) ಮತ್ತು ಡಿಐ (ಉಳಿದ ಅಯಾನುಗಳನ್ನು ರಾಳದಿಂದ ತೆಗೆಯುವುದು) ಎರಡನ್ನೂ ದಾಟಿ ಟಿಡಿಎಸ್, ಅಂದರೆ ಕರಗಿದ ಲವಣಗಳ ಪ್ರಮಾಣ, ಸೊನ್ನೆ ತೋರಿಸಬೇಕು. ಕುಡಿಯುವ ನೀರಿನ ಪ್ಯೂರಿಫೈಯರ್ ಇದಕ್ಕೆ ಆಗದು. ರುಚಿಗಾಗಿ ಹಲವು ಪ್ಯೂರಿಫೈಯರ್‌ಗಳು ಲವಣವನ್ನು ಮರಳಿ ಬೆರೆಸುತ್ತವೆ, ಡಿಐ ರಾಳವೂ ಅವುಗಳಲ್ಲಿರುವುದಿಲ್ಲ. ಡಿಐ ದಾಟಿದ ನೀರಿಗೆ ಸಮುದ್ರದ ತೊಟ್ಟಿಗೆಂದೇ ಮಾಡಿದ ಉಪ್ಪು ಬೆರೆಸಿ ಲವಣಾಂಶವನ್ನು ಸಾವಿರಕ್ಕೆ 35ಕ್ಕೆ ತನ್ನಿ.

ಆವಿಯಾಗುವುದು ನೀರು ಮಾತ್ರ, ಉಪ್ಪು ಉಳಿಯುತ್ತದೆ. ಆದ್ದರಿಂದ ಸಿಹಿನೀರು ತಾನಾಗಿ ತುಂಬುವ ಟಾಪ್‌ಅಪ್ ಬೇಕು. ಸೆನ್ಸರ್ ಒಂದೇ ಸಾಲದು, ನೀರು ಮಿತಿ ಮೀರಿದರೆ ಪಂಪು ನಿಲ್ಲಿಸುವ ಫ್ಲೋಟ್ ಸ್ವಿಚ್ಚೊಂದನ್ನು ಮೇಲೆ ಹಾಕಿ. ಸಿಹಿನೀರಿನ ಡಬ್ಬವೂ ಚಿಕ್ಕದಿರಲಿ. 20 ಲೀಟರ್ ಒಮ್ಮೆಗೇ ಸುರಿದುಹೋದರೆ ಲವಣಾಂಶ 35ರಿಂದ 33ಕ್ಕೆ ಇಳಿಯುತ್ತದೆ, ಹವಳ ಸಾಮಾನ್ಯವಾಗಿ ತಡೆದುಕೊಳ್ಳುತ್ತದೆ. 60 ಲೀಟರ್ ಸುರಿದರೆ 30ಕ್ಕೆ ಬಂದು ನಿಲ್ಲುತ್ತದೆ, ಆಗ ಗಟ್ಟಿ ಹವಳ ಉಳಿಯುವ ಭರವಸೆಯಿಲ್ಲ.

ಹೀಟರ್ 300 ವ್ಯಾಟಿನದು ಒಂದರ ಬದಲು 150ರವು ಎರಡು, ಹೊರಗೊಂದು ಕಂಟ್ರೋಲರ್. ಹೀಟರ್ ಕೆಡುವಾಗ ಆಫ್ ಆಗದೆ ಆನ್ ಆಗಿಯೇ ಸಿಕ್ಕಿಕೊಳ್ಳುವುದುಂಟು. 300 ವ್ಯಾಟು 350 ಲೀಟರನ್ನು ಗಂಟೆಗೆ ಮುಕ್ಕಾಲು ಡಿಗ್ರಿಯಷ್ಟು ಬಿಸಿ ಮಾಡಬಲ್ಲದು. ಗುರಿ 25ರಿಂದ 26 ಡಿಗ್ರಿ. ಬೇಸಿಗೆಯಲ್ಲಿ ಮೊದಲು ಫ್ಯಾನ್ ಸಾಕಾಗುತ್ತದೆಯೇ ನೋಡಿ. ಒಂದು ಲೀಟರ್ ಆವಿಯಾದರೆ ಇಷ್ಟು ನೀರನ್ನು ಒಂದೂವರೆ ಡಿಗ್ರಿಗೂ ಮಿಗಿಲಾಗಿ ತಣಿಸುವಷ್ಟು ಶಾಖ ಹೊರಹೋಗುತ್ತದೆ. ಎಲ್ಲ ಸಾಕೆಟ್ಟುಗಳೂ 30 ಮಿಲಿಆಂಪಿಯರ್ ಅಥವಾ ಅದಕ್ಕಿಂತ ಕಡಿಮೆ ಸೋರಿಕೆಗೆ ಬೀಳುವ ಸ್ವಿಚ್ಚಿನಡಿ ಇರಲಿ. ವೈರುಗಳು ಸಾಕೆಟ್ಟಿಗಿಂತ ಕೆಳಗೆ ಜೋತು, ಮತ್ತೆ ಮೇಲೇರಿ ಸೇರಲಿ.

60 ಸೆಂಟಿಮೀಟರ್ ಅಗಲ ಹರಡುವ ಎಲ್‌ಇಡಿ ಎರಡು ಬೇಕು. ಬೆಳಕನ್ನು ವ್ಯಾಟಿನಲ್ಲಿ ಅಳೆಯಬೇಡಿ, ಪಾಚಿಗಳು ಬಳಸಬಲ್ಲ ಬೆಳಕನ್ನು ಅಳೆಯುವ ಪಾರ್ ಮೀಟರ್ ಬಾಡಿಗೆಗೆ ತನ್ನಿ. ಕವಲೊಡೆದು ಬೆಳೆಯುವ ಅಕ್ರೊಪೊರಾ ಹವಳ ಕೂರುವ ಮೇಲಿನ ಕಲ್ಲಿನಲ್ಲಿ 250ರಿಂದ 350, ದಪ್ಪ ಮಾಂಸದ ಯುಫಿಲಿಯಾದಂಥವಕ್ಕೆ ಕೆಳಗೆ 100ರ ಆಸುಪಾಸು. ನೊರೆಯೆಬ್ಬಿಸಿ ಕೊಳೆ ತೆಗೆಯುವ ಸ್ಕಿಮ್ಮರ್ ವಿಷಯದಲ್ಲಿ ಒಂದೇ ಮಾತು: ನೀರಿನ ಮಟ್ಟ ಏರಿಳಿಯದ ಸಂಪಿನ ಅರೆಯಲ್ಲಿ, ತಯಾರಕರು ಹೇಳಿದ ಆಳದಲ್ಲಿ ಕೂರಿಸಿ.

ಇನ್ನು ಸುಣ್ಣದ ಲೆಕ್ಕ. ನೀರಿನಲ್ಲಿ ಬೈಕಾರ್ಬೊನೇಟ್ ಎಷ್ಟಿದೆ ಎಂದು ಹೇಳುವುದು ಕ್ಷಾರತೆ, ಅದರ ಅಳತೆ ಡಿಕೆಎಚ್. ಹವಳ ಪ್ರತಿ 2.8 ಡಿಕೆಎಚ್ ಕ್ಷಾರತೆ ಬಳಸುವಾಗ ಲೀಟರಿಗೆ 20 ಮಿಲಿಗ್ರಾಂ ಕ್ಯಾಲ್ಸಿಯಂ ಬಳಸುತ್ತದೆ. ಬೆಳೆದ ತೊಟ್ಟಿಯಲ್ಲಿ ದಿನಕ್ಕೆ 1.5 ಡಿಕೆಎಚ್ ಖರ್ಚಾಗುತ್ತದೆಂದುಕೊಳ್ಳಿ. 350 ಲೀಟರಿಗೆ ಅದು ಸುಮಾರು 16 ಗ್ರಾಂ ಅಡುಗೆ ಸೋಡಾ ಮತ್ತು 14 ಗ್ರಾಂ ಕ್ಯಾಲ್ಸಿಯಂ ಕ್ಲೋರೈಡ್ ಡೈಹೈಡ್ರೇಟ್. ಎರಡನ್ನೂ ಬೇರೆ ಬೇರೆ ದ್ರಾವಣವಾಗಿ, ಬೇರೆ ಬೇರೆ ಹೊತ್ತಿನಲ್ಲಿ ಹನಿಸಬೇಕು. ಒಂದೇ ಜಾಗಕ್ಕೆ ಬಿದ್ದರೆ ನೀರಲ್ಲೇ ಬಿಳಿ ಪುಡಿಯಾಗಿ ಇಳಿದುಬಿಡುತ್ತವೆ. ಇದಕ್ಕಿಂತ ಸರಳವಾದದ್ದು ಸುಣ್ಣದ ತಿಳಿ, ಅಂದರೆ ಕ್ಯಾಲ್ಸಿಯಂ ಹೈಡ್ರಾಕ್ಸೈಡ್ ಕರಗಿಸಿದ ತಿಳಿನೀರು. ಆವಿಯಾದ ನೀರಿನ ಜಾಗಕ್ಕೆ ಇದನ್ನೇ ತುಂಬಬಹುದು. ಅದೇ 1.5 ಡಿಕೆಎಚ್‌ಗೆ ದಿನಕ್ಕೆ ಸುಣ್ಣ ಕರಗುವಷ್ಟೂ ಕರಗಿದ 4.6 ಲೀಟರ್ ತಿಳಿ ಸಾಕು, ಇಷ್ಟು ದೊಡ್ಡ ತೊಟ್ಟಿಯಲ್ಲಿ ಆವಿಯಾಗುವ ನೀರೂ ಹೆಚ್ಚುಕಡಿಮೆ ಅಷ್ಟೇ ಇರಬಹುದು. ಖರ್ಚು ಅದನ್ನು ಮೀರಿದಾಗ ದ್ರಾವಣಗಳನ್ನು ಅಳತೆಯಂತೆ ಹನಿಸುವ ಡೋಸಿಂಗ್ ಪಂಪ್ ಕೊಂಡರಾಯಿತು. ಆದರೆ ಸುಣ್ಣದ ತಿಳಿಯ ಪಿಎಚ್ 12ರ ಮೇಲಿದೆ. ಅದನ್ನು ಟಾಪ್‌ಅಪ್ ಡಬ್ಬಕ್ಕೆ ಹಾಕುವುದಾದರೆ ಫ್ಲೋಟ್ ಸ್ವಿಚ್ ಇಲ್ಲದ ಟಾಪ್‌ಅಪ್ ಇಡಲೇಬೇಡಿ.

ಮೊದಲ ತುಂಡು ಹವಳ ಇಳಿಸುವ ಮುನ್ನ ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆಗೆ ಬರಲಿ, ಒಣಕಲ್ಲಿನ ತೊಟ್ಟಿಗೆ ನಾಲ್ಕಾರು ವಾರ ಹಿಡಿಯಬಹುದು. ನೈಟ್ರೇಟ್, ಫಾಸ್ಫೇಟ್ ಮಾತ್ರ ಸೊನ್ನೆಯಾಗಬಾರದು, ಬರಿದಾದ ಹೊಸ ತೊಟ್ಟಿಯಲ್ಲಿ ಡೈನೊಫ್ಲಾಜೆಲೇಟುಗಳೆಂಬ ಏಕಕೋಶ ಜೀವಿಗಳ ಕಂದು ಲೋಳೆ ಹಬ್ಬುತ್ತದೆ. ದೀಪವನ್ನು ಗುರಿಯ ಅರ್ಧಕ್ಕಿಂತ ಕಡಿಮೆಯಿಂದ ಶುರುಮಾಡಿ ತಿಂಗಳೊಳಗೆ ಏರಿಸಿ. ಹವಳ ಇಳಿದ ದಿನದಿಂದ ಪ್ರತಿದಿನ ಒಂದೇ ಹೊತ್ತಿಗೆ ಕ್ಷಾರತೆ ಅಳೆದು ಬರೆದಿಡಿ. ಎರಡು ಮೂರು ವಾರವಾದರೂ 8ರ ಬಳಿಯೇ ನಿಂತಿದ್ದರೆ ವಾರದ ನೀರು ಬದಲಾವಣೆಯೇ ಸಾಕು. ದಿನಕ್ಕೆ 0.2ರಷ್ಟು ಇಳಿಯತೊಡಗಿದಾಗ ಸುಣ್ಣದ ತಿಳಿ ಶುರುಮಾಡಿ.