ಪದ ಪರಿಚಯ: ಹಿಂದುಳಿದ

ಮೊನ್ನೆ ಮಂಡ್ಯದಲ್ಲಿ ಉದ್ಯೋಗ ಮೇಳದ ಕರಪತ್ರವೊಂದು ಕೈಗೆ ಸಿಕ್ಕಿತು. ‘ಹಿಂದುಳಿದ ಹಳ್ಳಿಗಳ ಯುವಜನರಿಗೆ ದುಡಿಮೆಯ ಮಹತ್ವ ಕುರಿತು ಉಪನ್ಯಾಸ’ ಅಂತ ಅದರಲ್ಲಿತ್ತು. ಈ ಪದವನ್ನು ಹೀಗೆ ಬಳಸಿದ್ದು ನೋಡಿ ನೋಡಿ ಸಾಕಾಗಿದೆ. ಬೆಳಗ್ಗೆ ಹೊತ್ತು ಹುಟ್ಟೋ ಮುಂಚೆ ಮದ್ದೂರಿನ ಕಡೆ ರಸ್ತೆ ಬದಿ ಬಂದು ನಿಲ್ಲಿ. ಟಿಫನ್ ಬಾಕ್ಸ್ ಹಿಡಿದ ಹೆಂಗಸರು ಗಾರ್ಮೆಂಟ್ಸ್ ಗಾಡಿಗೆ ಕಾಯುತ್ತಿರುತ್ತಾರೆ, ಹುಡುಗರು ಬಿಡದಿಯ ಕಂಪನಿ ಬಸ್ಸಿಗೆ. ಇವರಿಗೆ ದುಡಿಮೆಯ ಮಹತ್ವ ಹೇಳಿಕೊಡಬೇಕಂತೆ!

ತಪ್ಪು ಕರಪತ್ರ ಬರೆದವರದ್ದು ಮಾತ್ರ ಅಲ್ಲ, ಪದದ್ದೂ ಸ್ವಲ್ಪ ಇದೆ. ಹಿಂದು, ಉಳಿ. ‘ಉಳಿ’ ತಾನಾಗಿ ಆಗುವ ಕ್ರಿಯೆ. ಮುದ್ದೆ ಉಳಿಯಿತು, ನೆಂಟರು ರಾತ್ರಿ ಉಳಿದರು. ಯಾರು ಉಳಿಸಿದರು, ಯಾಕೆ ಉಳಿಸಿದರು ಅನ್ನೋದಕ್ಕೆ ಇದರಲ್ಲಿ ಜಾಗವೇ ಇಲ್ಲ. ಹಾಗಾಗಿ ‘ಹಿಂದುಳಿದ ತಾಲ್ಲೂಕು’ ಅಂದ ಕೂಡಲೇ, ಎಲ್ಲರೂ ಹೊರಟಾಗ ಇದೊಂದು ಸುಮ್ನೆ ಮಲಗಿಬಿಟ್ಟಿತ್ತು ಅನ್ನಿಸಿಬಿಡುತ್ತದೆ.

ಈಗ ಇದರ ಜೋಡಿ ಪದ ನೋಡಿ: ಮುಂದುವರಿದ. ದಯವಿಟ್ಟು ‘ಮುಂದುವರೆದ’ ಅಲ್ಲ. ಮುಂದು, ಪರಿ. ಸೇರಿದಾಗ ‘ಪ’ ಹೋಗಿ ‘ವ’ ಬಂತು. ಹಳಗನ್ನಡದ ಆ ‘ಪರಿ’ಯೇ ಇವತ್ತಿನ ‘ಹರಿ’. ನೀರು ಹರಿಯುತ್ತದಲ್ಲ, ಅದೇ. ‘ವರೆ’ ಅಂತ ಬರೆದರೆ ಆ ಹರಿವು ಕಣ್ಣಿಗೇ ಬೀಳುವುದಿಲ್ಲ. ಮುಂದಕ್ಕೆ ಹರಿದದ್ದು ಮುಂದುವರಿದದ್ದು. ಮಂಡ್ಯದ ಮಟ್ಟಿಗೆ ಇದು ಅಕ್ಷರಶಃ ನಿಜ, ಅಲ್ವಾ?

ಕನ್ನಂಬಾಡಿ ಕಟ್ಟೆಯ ಕೆಲಸ ಶುರುವಾದದ್ದು 1911ರಲ್ಲಿ. ಮುಂದೆ ಅಲ್ಲಿಂದ ವಿ.ಸಿ. (ವಿಶ್ವೇಶ್ವರಯ್ಯ) ನಾಲೆಯ ನೀರು ಮಂಡ್ಯ, ಮದ್ದೂರು, ಮಳವಳ್ಳಿ ಕಡೆ ಹರಿಯಿತು. ನೀರಿನ ಹಿಂದೆ ಕಬ್ಬು ಬಂತು. ಕಡಿದ ಕಬ್ಬು ಜಾಸ್ತಿ ದಿನ ಕಾಯುವುದಿಲ್ಲ, ಒಣಗಿದಷ್ಟೂ ಸಕ್ಕರೆ ಇಳುವರಿ ಬೀಳುತ್ತದೆ. ಅದಕ್ಕೇ ಕಾರ್ಖಾನೆ ಗದ್ದೆಯ ಹತ್ತಿರವೇ ಇರಬೇಕು. 1933ರಲ್ಲಿ ಮಂಡ್ಯದ ಸಕ್ಕರೆ ಕಂಪನಿ ಮೈಷುಗರ್ ಬಂತು. ಆಮೇಲೆ ಎತ್ತಿನಗಾಡಿ, ಲಾರಿ, ಬ್ಯಾಂಕು, ಅಂಗಡಿ, ಕಾಲೇಜು. 1939ರಲ್ಲಿ ಮಂಡ್ಯವೇ ಒಂದು ಜಿಲ್ಲೆಯಾಯಿತು. ಅದೇ ಜಿಲ್ಲೆಯ ನಾಗಮಂಗಲಕ್ಕೆ ಆ ನಾಲೆ ಇಲ್ಲ. ನೀರು ದಿಣ್ಣೆ ಹತ್ತುವುದಿಲ್ಲ ನೋಡಿ. ಅಲ್ಲಿ ರಾಗಿ, ತೆಂಗು, ಇಲ್ಲದಿದ್ದರೆ ಬೆಂಗಳೂರಿನ ಬಸ್ಸು. ಇದರಲ್ಲಿ ಮೈಗಳ್ಳತನ ಎಲ್ಲಿಂದ ಬಂತು?

ಮೈಸೂರು ಜಿಲ್ಲೆಯ ಎಚ್.ಡಿ. ಕೋಟೆಯದ್ದು ಇನ್ನೊಂದು ಥರ. ಕಬಿನಿ ಅಣೆಕಟ್ಟು ಇರುವುದು ಅಲ್ಲೇ, ಮುಳುಗಿದ ಊರುಗಳೂ ಅಲ್ಲಿಯವೇ. ನಾಲೆಯ ನೀರು ಹೆಚ್ಚಾಗಿ ಹೋಗುವುದು ಕೆಳಗಿನ ನಂಜನಗೂಡು, ತಿ. ನರಸೀಪುರ, ಚಾಮರಾಜನಗರದ ಕಡೆಗೆ. ಉಳಿದದ್ದು ಕೋಟೆಯಲ್ಲಿ, ಹರಿದದ್ದು ಕೆಳಗೆ. ಕರೆಂಟಿನ ಕತೆಯೂ ಇದೇ. 1902ರಲ್ಲಿ ಮಳವಳ್ಳಿ ತಾಲ್ಲೂಕಿನ ಶಿವನಸಮುದ್ರದಲ್ಲಿ ಹುಟ್ಟಿದ ವಿದ್ಯುತ್ತು, ದಾರಿಯ ಹಳ್ಳಿಗಳನ್ನೆಲ್ಲ ದಾಟಿ ಸೀದಾ ಕೋಲಾರದ ಚಿನ್ನದ ಗಣಿಗೆ ಹೋಯಿತು. ಕೆಳಗೆ ನಿಂತು ತಂತಿ ನೋಡಿದ ಹಳ್ಳಿಯವರು ‘ಹಿಂದುಳಿದವರು’!

ಸರ್ಕಾರಿ ಅರ್ಥ ಬೇಗ ಮುಗಿಯುತ್ತದೆ. ಡಾ. ಡಿ.ಎಂ. ನಂಜುಂಡಪ್ಪ ಸಮಿತಿ 2002ರ ವರದಿಯಲ್ಲಿ ಆಗಿನ 175 ತಾಲ್ಲೂಕುಗಳಲ್ಲಿ 114 ಹಿಂದುಳಿದಿವೆ ಎಂದಿತು. ಅಳೆದದ್ದು ರಸ್ತೆ, ಬ್ಯಾಂಕು, ಸಾಕ್ಷರತೆ, ಆಸ್ಪತ್ರೆ ಹೀಗೆ 35 ಸೂಚಕಗಳನ್ನು. ಜನರ ಸ್ವಭಾವವನ್ನಲ್ಲ. ‘ಹಿಂದುಳಿದ ವರ್ಗ’ದ ವಿಚಾರ ಬೇರೆಯೇ. ಅದನ್ನು ಮೈಸೂರು ಸಂಸ್ಥಾನದಲ್ಲಿ 1918ರ ಮಿಲ್ಲರ್ ಸಮಿತಿಯೇ ಎತ್ತಿಕೊಂಡಿತ್ತು. ತಾಲ್ಲೂಕಿನ ಮಾತು ಬಂದಾಗ ಎರಡನ್ನೂ ಕಲಸಬೇಡಿ.

ತಾಲ್ಲೂಕಿನ ಲೆಕ್ಕದಲ್ಲಿ ಕಾಣದ್ದೂ ಒಂದಿದೆ. ನಾಲೆ ಬಯಲಿನಲ್ಲೇ, ನಾಲೆಯ ತುದಿಯಲ್ಲಿರುವ ಎಷ್ಟೋ ಊರುಗಳಿಗೆ ನೀರು ಮುಟ್ಟುವುದು ಕಷ್ಟ. ಅವರು ತಮ್ಮನ್ನು ಹಿಂದುಳಿದವರು ಅಂತ ಕರೆದುಕೊಳ್ಳುವುದಿಲ್ಲ, ಅವರ ಪದ ‘ಕೊನೆ ಭಾಗ’. ಮದ್ದೂರಿನ ಟೀ ಅಂಗಡಿಯಲ್ಲಿ ಪಕ್ಕ ಕೂತಿದ್ದ ರೈತರೊಬ್ಬರನ್ನು ಈ ಸಲ ಭತ್ತ ಹೇಗಣ್ಣ ಅಂತ ಕೇಳಿದೆ. ಲೋಟ ಕೆಳಗಿಟ್ಟು ಅಂದರು:

“ನಮ್ದು ಕೊನೆ ಭಾಗ ಸಾ. ಮೇಲ್ಗಡೆಯವ್ರು ಬುಟ್ರೆ ಭತ್ತ.”