ಹಂಪಿಯಲ್ಲಿ ರೂಮು: ನದಿಯ ಈಚೆಗೋ, ಆಚೆಗೋ?

ಪ್ರಶ್ನೆ: ಎರಡು ದಿನ ಹಂಪಿ ನೋಡುವ ಪ್ಲಾನ್ ಇದೆ. ಜೊತೆಗೆ ವಯಸ್ಸಾದ ಅಪ್ಪ-ಅಮ್ಮ. ನದಿಯಾಚೆ ಉಳಿದರೆ ಚೆನ್ನ, ದೋಣಿಯಲ್ಲಿ ಐದೇ ನಿಮಿಷ ಅಂತಾರೆ. ಹೌದಾ?

ಉತ್ತರ: ಅಪ್ಪ-ಅಮ್ಮ ಇದ್ದರೆ ನದಿಯ ಈಚೆಗೇ, ಹಂಪಿ ಪಕ್ಕದ ಕಮಲಾಪುರ. ಉತ್ತರ ಇಷ್ಟೇ. ಆದರೆ ಆ ‘ಐದೇ ನಿಮಿಷ’ ಇದೆಯಲ್ಲ, ಪ್ರತಿ ದಸರಾ ರಜೆಗೂ ಎದ್ದು ಬರುತ್ತದೆ. ಆದ್ದರಿಂದ ಮತ್ತೊಮ್ಮೆ.

ಐದು ನಿಮಿಷ ಎಂಬುದು ದೋಣಿ ನೀರಿನ ಮೇಲಿರುವ ಹೊತ್ತು ಮಾತ್ರ. ಅದಕ್ಕೆ ಮುಂಚೆ ವಿರೂಪಾಕ್ಷ ಗುಡಿಯ ಪಕ್ಕ ಕಲ್ಲಿನ ಮೆಟ್ಟಿಲು ಇಳಿಯಬೇಕು. ಸೂಟ್‌ಕೇಸಿನ ಚಕ್ರ ಅಲ್ಲಿ ಕೆಲಸಕ್ಕೆ ಬಾರದು, ಹೊರಬೇಕು. ದೋಣಿಗೆ ಜನ ಸೇರುವ ತನಕ ಕಾಯಬೇಕು. ಕತ್ತಲಾಗುವ ಮೊದಲೇ ದೋಣಿ ಬಂದ್. ಹೇಮಕೂಟ ಗುಡ್ಡದಲ್ಲಿ ಸೂರ್ಯಾಸ್ತ ಪೂರ್ತಿ ನೋಡಿ ಇಳಿದರೆ ದಡದಲ್ಲಿ ಯಾರೂ ಇರುವುದಿಲ್ಲ. ಆಮೇಲೆ ರಸ್ತೆಯೇ ಗತಿ: ಕಮಲಾಪುರ, ಬುಕ್ಕಸಾಗರ, ಕಡೇಬಾಗಿಲು ಸೇತುವೆ ಸುತ್ತಿಕೊಂಡು ಆಚೆ ದಡದ ಆನೆಗೊಂದಿ. ರಾತ್ರಿ ಹೊತ್ತು ಆಟೊದವರು ಹೇಳಿದ್ದೇ ರೇಟು. ಮಳೆಗಾಲದಲ್ಲಿ ತುಂಗಭದ್ರಾ ಡ್ಯಾಮಿನ ಗೇಟು ಎತ್ತಿದರಂತೂ ದೋಣಿಯೂ ಇಲ್ಲ, ಹರಿಗೋಲೂ ಇಲ್ಲ. ನದಿಯಂಚಿನ ಪುರಂದರ ಮಂಟಪ ಮುಳುಗಿದೆ ಎಂಬ ಸುದ್ದಿ ಕಂಡರೆ ನಿಮ್ಮ ಐದು ನಿಮಿಷವೂ ಮುಳುಗಿತು ಅಂತಲೇ ತಿಳಿಯಿರಿ.

ಇನ್ನೂ ಒಂದಿದೆ. ಗದ್ದೆಯಂಚಿನ ಗುಡಿಸಲು, ಉಯ್ಯಾಲೆ ಇರುವ ಆ ಹಳೆಯ ಫೋಟೊಗಳು ನದಿಯಾಚೆಯ ವಿರೂಪಾಪುರ ಗಡ್ಡಿಯವು. ಸುಪ್ರೀಂ ಕೋರ್ಟ್ ತೀರ್ಪು ಬಂದ ಮೇಲೆ 2020ರ ಮಾರ್ಚ್‌ನಲ್ಲಿ ಅಲ್ಲಿನ ರೆಸಾರ್ಟ್‌ಗಳನ್ನು ಕೆಡವಿದ್ದಾಯಿತು. ಈಗ ‘ನದಿಯಾಚೆ’ ಎಂದರೆ ಹೆಚ್ಚಾಗಿ ಆನೆಗೊಂದಿ, ಸಣಾಪುರ. ಬುಕಿಂಗ್ ಆ್ಯಪ್‌ನಲ್ಲಿ ಹೆಸರಿಗೆ ‘ಹಂಪಿ’ ಅಂತಿದ್ದರೂ ವಿಳಾಸದಲ್ಲಿ ಗಂಗಾವತಿ ಅಥವಾ ಕೊಪ್ಪಳ ಜಿಲ್ಲೆ ಎಂದಿದ್ದರೆ ಅದು ಆಚೆ ದಡ. ಹಂಪಿ ಇರುವುದು ವಿಜಯನಗರ ಜಿಲ್ಲೆಯಲ್ಲಿ. ‘2 ಕಿ.ಮೀ. ದೂರ’ ಎಂದು ತೋರಿಸುವುದು ಕಾಗೆ ಹಾರುವ ದೂರ. ಅಂಜನಾದ್ರಿ ಹತ್ತುವುದು, ಪಂಪಾ ಸರೋವರ ನೋಡುವುದೇ ಮುಖ್ಯ ಅನ್ನುವವರು ಆಚೆಯೇ ಉಳಿಯಲಿ, ಬೇಡ ಅನ್ನುವುದಿಲ್ಲ.

ಇನ್ನು ಈಚೆ ದಡ. ಹೊಸಪೇಟೆ ಹಂಪಿಯಿಂದ ಸುಮಾರು 13 ಕಿ.ಮೀ. ರೈಲು ಅಲ್ಲೇ ನಿಲ್ಲುತ್ತದೆ, ಲಿಫ್ಟ್ ಇರುವ ಹೋಟೆಲು, ಮಾಂಸದೂಟ ಎಲ್ಲ ಸಿಗುತ್ತದೆ. ಹಂಪಿ ಊರೊಳಗೆ ಜನತಾ ಪ್ಲಾಟ್‌ನ ಚಿಕ್ಕ ರೂಮುಗಳು ನಸುಕಿನಲ್ಲಿ ಮಾತಂಗ ಬೆಟ್ಟಕ್ಕೆ ನಡೆದೇ ಹೊರಡುವ ಗಟ್ಟಿ ಕಾಲಿನವರಿಗೆ. ಕಮಲಾಪುರ ಹಂಪಿಯಿಂದ ನಾಲ್ಕೇ ಕಿ.ಮೀ. ರಾಣಿ ಸ್ನಾನಗೃಹ, ಮಹಾನವಮಿ ದಿಬ್ಬ ಪಕ್ಕದಲ್ಲೇ, ಸರ್ಕಾರದ ಹೋಟೆಲು ಮಯೂರ ಭುವನೇಶ್ವರಿಯೂ ಇಲ್ಲೇ. ಬುಕ್ ಮಾಡುವಾಗ ಕೆಳಗಿನ ಮಹಡಿಯ ರೂಮೇ ಬೇಕೆಂದು ಫೋನಿನಲ್ಲಿ ಬಾಯಿಬಿಟ್ಟು ಹೇಳಿ.

ಯಾರೂ ಕೇಳದ ಒಂದು ಮಾತು: ವಿಠ್ಠಲ ಗುಡಿಯ ಟಿಕೆಟ್ಟೇ ಕಮಲ ಮಹಲಿಗೂ, ಕಮಲಾಪುರದ ಮ್ಯೂಸಿಯಮ್ಮಿಗೂ ನಡೆಯುತ್ತದೆ, ಆದರೆ ಆ ದಿನ ಮಾತ್ರ. ಸಂಜೆ ನಾಲ್ಕಕ್ಕೆ ಕೊಂಡವರು ಮರುದಿನ ಮತ್ತೆ ಕೊಳ್ಳಬೇಕು. ಬೆಳಗ್ಗೆ ಬೇಗ ವಿಠ್ಠಲ ಗುಡಿಗೆ ಹೋಗಿ. ಬ್ಯಾಟರಿ ಗಾಡಿಯ ಕ್ಯೂ ಆಗ ಚಿಕ್ಕದು, ಕಲ್ಲೂ ಇನ್ನೂ ಕಾದಿರುವುದಿಲ್ಲ. ಬಿಸಿಲೇರಿದ ಮೇಲೆ ಕಮಲ ಮಹಲು, ಆನೆಲಾಯ ನೋಡಿಕೊಂಡು ಮಧ್ಯಾಹ್ನ ಮ್ಯೂಸಿಯಮ್ ನೆರಳು ಸೇರಿಬಿಡಿ. ಶುಕ್ರವಾರ ಮ್ಯೂಸಿಯಮ್ಮಿಗೆ ರಜೆ.